‘ಓ’ ಅಂದವರ ದಫ್ತರ

ಮೇಜು ಕುಂಟುತ್ತಿತ್ತು.
ಧಾರವಾಡದ ನಮ್ಮ ವಿಭಾಗದಲ್ಲಿ ಅದರ ಮೇಲೆಯೇ
ವರ್ಷಕ್ಕೆ ಇನ್ನೂರು ಮಂದಿಯ ವ್ಯಕ್ತಿತ್ವ ಅಳೆಯುತ್ತಿದ್ದೆವು:
ಅರವತ್ತು ಪ್ರಶ್ನೆ,
ಒಪ್ಪುತ್ತೇನೆ, ಬಲವಾಗಿ ಒಪ್ಪುತ್ತೇನೆ, ಹೇಳಲಾರೆ.
‘ಹೇಳಲಾರೆ’ಗೆ ಗೀಟು ಹಾಕುವಷ್ಟರಲ್ಲಿ ಮೇಜು ವಾಲಿ
ಎಷ್ಟೋ ಜನ ಬಲವಾಗಿ ಒಪ್ಪಿಬಿಟ್ಟಿದ್ದರು.

ಕಾಲಿನ ಕೆಳಗೆ ಒತ್ತು ಕೊಟ್ಟ ದಫ್ತರ
ಗೆದ್ದಲು ತಿಂದು ತೆಳ್ಳಗಾಗಿತ್ತು. ಎಳೆದೆ.
ದಸ್ತಗೀರಸಾಬ ಹೊಂಬಳ, ಮನಃಶಾಸ್ತ್ರ, ೧೯೬೧.
ಮೊದಲ ಪುಟದಲ್ಲಿ ನೀಲಿ ಶಾಯಿ:
“ಮನಷ್ಯಾ ತನ್ನ ಬಗ್ಗೆ ಹೇಳೂದನ್ನ ನಂಬಬ್ಯಾಡ್ರಿ.
ಹಿಂದಿನಿಂದ ಕರೀರಿ.
ಹೆಂಗ ಓಗೊಡತಾನ ನೋಡ್ರಿ.”

ಆಮೇಲೆ ಪಟ್ಟಿ, ಪುಟದ ಮೇಲೆ ಪುಟ.
ಕರೆದವರು. ಕರೆದ ಹೆಸರು. ತಡ, ಉಸಿರಿನ ಲೆಕ್ಕದಲ್ಲಿ.

ನೀಲವ್ವ, ಹೂ ಮಾರುವಾಕೆ, ಲೈನ್ ಬಜಾರ:
ಗಂಡ ಕರೆದರೆ ಮಾತಿಗಿಂತ ಮುಂಚೆ ಸೆರಗು,
ಮಗ ಕರೆದರೆ ಸೆರಗಿಗಿಂತ ಮುಂಚೆ ಮಾತು,
ತವರಿನ ಹೆಸರು ಹಿಡಿದು ಕರೆದಾಗ
ಮಾತೂ ಇಲ್ಲ, ಸೆರಗೂ ಇಲ್ಲ,
ಅಳೆಯುತ್ತಿದ್ದ ಮೊಳ ಕೈಯಲ್ಲೇ ಮರೆತು ನಿಂತಳು.

ಪೋಸ್ಟಿನ ಗುರುಪಾದಪ್ಪ:
ಸಾಹೇಬರಿಗೆ ಒಂದು ಒಣ ‘ರೀ’,
ಹಿತ್ತಲಲ್ಲಿ ಎಮ್ಮೆ ಒದರಿದರೆ ‘ಬಂದೆ ನಮ್ಮವ್ವ’.

ಆಸ್ಪತ್ರೆಯ ಒಂಬತ್ತನೇ ಕೋಣೆಯ ಹುಡುಗ:
ಯಾವ ಹೆಸರಿಗೂ ಓ ಇಲ್ಲ.
ನಳದ ಕೆಳಗೆ ಕೊಡ ತುಂಬಿ ಚೆಲ್ಲಿದ ಸದ್ದಿಗೆ
ತಟ್ಟನೆ, ‘ಬಂದ್ಯಾ?’

ಕೊನೆಗೆ ಸಿದ್ಧಾಂತ, ಹತ್ತೇ ಸಾಲು.
ಒಳಗೆ ಒಬ್ಬನೇ ಕುಳಿತಿಲ್ಲ, ಎನ್ನುತ್ತಾರೆ ಮಾಸ್ತರರು.
ಕರೆಯುವವರು ಎಷ್ಟೋ ಅಷ್ಟು ಬಾಗಿಲು;
ಯಾವ ಬಾಗಿಲಿಗೆ ಎಷ್ಟು ಹೊತ್ತಿಗೆ ಬರುತ್ತೀಯೋ
ಅದನ್ನೆಲ್ಲ ಕೂಡಿಸಿದರೆ ನೀನು.
ಅದರಡಿ ಎರಡು ಗೆರೆ ಎಳೆದು:
“ಲಗೂ ಓ ಅಂದಾವ ಅಂಜಿದಾವ.”

ಮುಂಬಯಿಯಿಂದ ತಿರುಗಿ ಬಂದ ಲಕೋಟೆ ಅಲ್ಲೇ ಅಂಟಿತ್ತು:
ಕುತೂಹಲಕರವಾಗಿದೆ. ಜಾನಪದದವರಿಗೆ ಕಳಿಸಿ ನೋಡಿ.

ನಾನು ಮತ್ತೆ ಕರೆಯತೊಡಗಿದೆ.
ಹಿಂದಿನಿಂದ ಕರೆಯುವುದು ಮೋಸವಲ್ಲವೇ
ಎಂದು ನೀತಿ ಸಮಿತಿ ನಾಲ್ಕು ತಿಂಗಳು ಯೋಚಿಸಿತು.
ಸಹಿ ಮಾಡಿಸಿ, ಮೂರು ವಾರ ಬಿಟ್ಟು,
ದುರ್ಗದ ಬೈಲಿನ ಗದ್ದಲದಲ್ಲಿ, ನವನಗರದ ಬಸ್ಸಿನಲ್ಲಿ,
ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರನ್ನು
ಮನೆಯ ಹೆಸರಿನಿಂದ, ಆಫೀಸಿನ ಹೆಸರಿನಿಂದ,
ಪಮ್ಮಿ, ಪಿಂಟ್ಯಾ, ಎರಡನೇ ಟೇಬಲ್ಲಿನವರ.
ಮುನ್ನೂರಾ ನಲವತ್ತು ಜನ.

ಬಾಗಿಲ ಮಾತು ನಿಂತಿತು. ಅಂಕಿಗಳೂ ಹೌದೆಂದವು.
ಆದರೆ ಬೇಗ ಓಗೊಟ್ಟವರಲ್ಲಿ
ಅಂಜಿಕೆ ಕಾಣಲಿಲ್ಲ.
ಅವರೆಲ್ಲ ರಾತ್ರಿ ಮನೆಯಲ್ಲಿ
ಯಾರದೋ ಕೆಮ್ಮಿಗೆ ಏಳುವವರು,
ತೊಟ್ಟಿಲ ಹಗ್ಗವನ್ನು ಹೆಬ್ಬೆರಳಿಗೆ ಕಟ್ಟಿಕೊಂಡು ಮಲಗುವವರು.

“ಮತ್ತ ತಪ್ಪಾತಲ್ಲ ನಿಮ್ಮ ಮಾಸ್ತರರ ಸಿದ್ಧಾಂತ,
ಬಿಡ್ರಿ ಅತ್ಲಾಗ” ಅಂದರು ಮುಖ್ಯಸ್ಥ ಮುಳಗುಂದ ಸರ್.
ಹೌದು, ತಪ್ಪಾಯಿತು.
ತಪ್ಪು ಎನ್ನಲಿಕ್ಕಾದರೂ ಒಬ್ಬರು ಓದಬೇಕಿತ್ತು, ಸರ್,
ಇಷ್ಟು ವರ್ಷದಲ್ಲಿ.
ಮೇಜಿನ ಕಾಲಿಗೆ ಸರಿ ತಪ್ಪು ತಿಳಿಯುವುದಿಲ್ಲ,
ದಪ್ಪ ಒಂದೇ ತಿಳಿಯುತ್ತದೆ.

ನಿನ್ನೆ, ಪ್ರಬಂಧ ಮುಗಿಸುವ ಹೊತ್ತಿಗೆ,
ರಟ್ಟಿಗೆ ಅಂಟಿಕೊಂಡಿದ್ದ ಕೊನೆಯ ಹಾಳೆಯನ್ನು
ಹಬೆಯಲ್ಲಿ ಹಿಡಿದು ಬಿಡಿಸಿದೆ. ಒಂದೇ ಸಾಲು.
ಹೆಸರು: ದಸ್ತಗೀರ.
ಕರೆದವರು: ಅಮ್ಮಾ, ಹೊಂಬಳದ ಮನೆ, ಜ್ವರದ ವಾರ.
ತಡ: “ಅಳೆಯಲಾಗಲಿಲ್ಲ.
ಆಕೆ ಕರೆಯುವ ಮೊದಲೇ ಓ ಅಂದಿದ್ದೆ.”

ಅಂಜಿ ಅಂದಿರೋ, ಮಾಸ್ತರರೇ,
ಅಥವಾ ನಿಮಗೂ ಆಗಲೇ ಗೊತ್ತಿತ್ತೋ.

ಕಾಲಿಗೆ ಈಗ ಪೇಡೆ ಡಬ್ಬಿಯ ರಟ್ಟು ಕೊಟ್ಟಿದ್ದೇವೆ,
ಕುಂಟುವುದು ಪೂರ್ತಿ ನಿಂತಿಲ್ಲ.
ಬಾಗಿಲಲ್ಲಿ ಜವಾನ ಫಕ್ಕೀರಪ್ಪ, ಕೀಲಿಕೈ ಹಿಡಿದು,
“ಬಾಯಾರ” ಅಂದ.
ಎರಡು ಉಸಿರು ತಡವಾಗಿ ಓ ಅಂದೆ.
ಬರೆದುಕೊಂಡೆ.